ಬಿಟ್ಟು ಹೋದ ಹುಡುಗ

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ ಕಾಲೇಜ್ ಬದಲಿಸೋ ಆಟಗಾರರು ಹೆಸರು ಕೊಡೋ ಟ್ರಾನ್ಸ್‌ಫರ್ ಪೋರ್ಟಲ್ ಓಪನ್ ಆದ್ರೆ ಸಾಕು, ನಿನ್ನೆವರೆಗೂ ತಲೆ ಮೇಲೆ ಹೊತ್ಕೊಂಡು ಕುಣಿದ ಹುಡುಗನ್ನೇ ದುಡ್ಡಿಗೆ ಬಿದ್ದ, ದ್ರೋಹಿ ಅಂತ ಫ್ಯಾನ್ಸ್ ಬಾಯಿಗೆ ಬಂದಂಗೆ ಬೈತಾರೆ, ಓದಿದ್ರೆ ಸಂಕಟ ಆಗುತ್ತೆ. ದುಡ್ಡೂ ಒಂದು ಕಾರಣ, ಒಪ್ಕೋತೀನಿ, 2021ರಿಂದ ಕಾಲೇಜ್ ಆಟಗಾರರು ತಮ್ಮ ಹೆಸರು, ಮುಖ ಬಳಸೋ ಜಾಹೀರಾತಿಂದ ದುಡ್ಡು ಮಾಡ್ಬಹುದು, ಟೀಮ್ ಬದಲಿಸಿದ್ರೆ ಒಂದ್ ವರ್ಷ ಸುಮ್ನೆ ಕೂರ್ಬೇಕು ಅನ್ನೋ ರೂಲೂ ಆಗ್ಲೇ ಸಡಿಲ ಆಯ್ತು.

ಆದ್ರೆ ಫುಟ್‌ಬಾಲ್ ಆಟಗಾರ ಜೋ ಬರ್ರೋನ ನೋಡಿ. ಒಹಾಯೋ ರಾಜ್ಯದಲ್ಲೇ ಬೆಳೆದವ್ನು, ಅಲ್ಲಿನ ಒಹಾಯೋ ಸ್ಟೇಟ್ ಯೂನಿವರ್ಸಿಟಿ ಟೀಮ್‌ನಲ್ಲಿ ಮೂರು ವರ್ಷ ಕಾದ, ಡಿಗ್ರಿನೂ ಮುಗಿಸ್ದ, ಟೀಮ್‌ನ ಆಟ ನಡೆಸಿ ಚೆಂಡು ಎಸೆಯೋ ಕ್ವಾರ್ಟರ್‌ಬ್ಯಾಕ್ ಜಾಗ ಇರೋದೇ ಒಂದು, ಅದು ಸಿಗಲ್ಲ ಅಂತಾದಾಗ 2018ರಲ್ಲಿ ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿಗೆ (ಎಲ್‌ಎಸ್‌ಯು) ಹೋದ. 2019ರ ಸೀಸನ್‌ನಲ್ಲಿ 60 ಟಚ್‌ಡೌನ್ ಪಾಸ್ (ಸ್ಕೋರ್ ತಂದುಕೊಡೋ ಎಸೆತ), ಕಾಲೇಜ್ ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿ, ನ್ಯಾಷನಲ್ ಚಾಂಪಿಯನ್‌ಶಿಪ್ಪೂ ಬಂತು! ಟ್ರೋಫಿ ತಗೊಂಡು ಮಾತಾಡೋವಾಗ ಒಹಾಯೋದ ತನ್ನೂರು ಅಥೆನ್ಸ್ ಕಡೆ ಮನೇಲಿ ಸರಿಯಾಗಿ ಊಟ ಇಲ್ಲದ ಮಕ್ಕಳನ್ನ ನೆನೆಸ್ಕೊಂಡು ಗಂಟಲು ಕಟ್ಟಿ ಅತ್ತ, ಆ ವಿಡಿಯೋ ಎಷ್ಟ್ ಸಲ ನೋಡಿದೀನೋ. ಊರು ಬಿಟ್ಟೋನು ಊರನ್ನ ಮರೆತಿರ್ಲಿಲ್ಲ.

ಕೋಚ್‌ಗಳು ದೊಡ್ಡ ಸಂಬಳಕ್ಕೆ ಕಾಲೇಜ್ ಬದಲಿಸ್ತಾನೇ ಇರ್ತಾರೆ, ಅವ್ರನ್ನ ನಂಬ್ಕೊಂಡು ಬಂದ ಹುಡುಗರು ಏನ್ಮಾಡ್ಬೇಕು? ಇಪ್ಪತ್ತು ವರ್ಷದ ಹುಡುಗನಿಗೆ ಇರೋದು ನಾಲ್ಕೋ ಐದೋ ಸೀಸನ್ ಅಷ್ಟೇ ಕಣ್ರೀ, ಬೆಂಚ್ ಮೇಲೆ ಕೂತು ಕಳೀಲಿ ಅಂತ ನಾವ್ಯಾಕೆ ಹಟ ಮಾಡ್ಬೇಕು.