ಮೆಟ್ಟಿಲು ಎಷ್ಟು ಅಂತ ಬರೆದಿದ್ರಲ್ಲ?

ಸೋಮವಾರ ನಮ್ಮ ಪ್ರವಾಸ ವೆಬ್‌ಸೈಟ್ ಹೊಸ ವಿನ್ಯಾಸದಲ್ಲಿ ಶುರುವಾಯಿತು. ಬುಧವಾರ ಆ ಫೋನ್ ಬಂತು.

"ಮೇಡಂ, ಮೆಟ್ಟಿಲು ಎಷ್ಟು ಅಂತ ಮೊದಲು ಬರೆದಿದ್ರಲ್ಲ, ಅದೆಲ್ಲಿ ಹೋಯ್ತು?"

ಹಿಂದೆ ನೀರಿನ ಸದ್ದು. ಜಲಪಾತಕ್ಕೆ ಇಳಿಯುವ ಮೆಟ್ಟಿಲುಗಳ ಮೇಲ್ತುದಿಯಲ್ಲಿ ನಿಂತಿದ್ದರು, ಜೊತೆಗೆ ವಯಸ್ಸಾದ ತಂದೆ. ಹೋದ ವರ್ಷ ಉಳಿಸಿಟ್ಟುಕೊಂಡ ಲಿಂಕ್ ಒತ್ತಿದರೆ 404, ಅಂದರೆ ಪುಟ ಸಿಗಲಿಲ್ಲ. ಮುಖಪುಟಕ್ಕೆ ಹೋದರೆ ವಿಡಿಯೊ ಸುತ್ತುತ್ತಲೇ ಇದೆ. ಸಿಗ್ನಲ್ ಒಂದೇ ಕಡ್ಡಿ.

"212 ಮೆಟ್ಟಿಲು ಸರ್. ನಡುವೆ ಕೂರೋಕೆ ಎರಡು ಕಟ್ಟೆ ಇದೆ" ಎಂದೆ. ನಾನೇ ಎಣಿಸಿದ್ದು, ಮರೆಯುವುದಿಲ್ಲ.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಪಕ್ಕಕ್ಕೆ ತಿರುಗಿ ಹೇಳಿದ್ದು ಕೇಳಿಸಿತು: "ಬೇಡ ಅಪ್ಪಾ, ಇಲ್ಲಿಂದಲೇ ನೋಡೋಣ." ನನ್ನನ್ನು ಬೈಯಲಿಲ್ಲ. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟರು. ಬೈದಿದ್ದರೆ ಇಷ್ಟು ಕಾಡುತ್ತಿರಲಿಲ್ಲ.

ಆ ಸಾಲನ್ನು ತೆಗೆದದ್ದು ನಾನೇ. ಹೊಸ ವಿನ್ಯಾಸದಲ್ಲಿ ಒಂದೊಂದು ಜಾಗಕ್ಕೂ ಒಂದು ಕಾರ್ಡು, ಅಂದರೆ ಚಿಕ್ಕ ಚೌಕ; ಅದರಲ್ಲಿ ಎರಡೇ ಸಾಲು ಹಿಡಿಯುತ್ತಿತ್ತು. ಮೆಟ್ಟಿಲಿನ ಲೆಕ್ಕ ಇದ್ದ ಜಾಗದಲ್ಲಿ "ಮನಸೆಳೆಯುವ ಜಲಧಾರೆ" ಎಂದು ಬರೆದೆ. ಅದನ್ನು ಓದಿ ಯಾರಿಗೆ ಏನು ಗೊತ್ತಾಗುತ್ತದೆ?

ವಿನ್ಯಾಸ ಮಾಡಿದ ಹುಡುಗ ತುಂಬಾ ಒಳ್ಳೆಯ ಕೆಲಸಗಾರ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಬಾರದು ಅಂತ ಸಾಲುಗಳ ನಡುವಿನ ಜಾಗಕ್ಕೇ ಎರಡು ದಿನ ಕೂತಿದ್ದ. ಬಿಸಿಲಿನಲ್ಲೂ ಓದಲು ಬರಬೇಕು ಅಂತ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಕಾಂಟ್ರಾಸ್ಟ್, ಅಂದರೆ ಗಾಢ-ತಿಳಿ ವ್ಯತ್ಯಾಸ, 4.5:1ಕ್ಕಿಂತ ಕಡಿಮೆ ಆಗಲು ಬಿಡಲಿಲ್ಲ. ಆದರೆ ನೋಡಿದ್ದೆಲ್ಲ ಆಫೀಸಿನ ವೈಫೈನಲ್ಲಿ. ನಾನೂ ಅಷ್ಟೇ.

ಇನ್ನು ಹಳೇ ಲಿಂಕುಗಳು. ಸರ್ವರ್‌ನಲ್ಲಿ 301 ರಿಡೈರೆಕ್ಟ್ ಹಾಕಿದರೆ ಹಳೇ ವಿಳಾಸಕ್ಕೆ ಬಂದವರು ತಾನಾಗಿಯೇ ಹೊಸ ಪುಟಕ್ಕೆ ಹೋಗುತ್ತಾರೆ. ಮುಖ್ಯ ಪುಟಗಳಿಗೆ ಹಾಕಿದೆವು, ಒಂದೊಂದು ಜಾಗದ ಪುಟಗಳನ್ನು ಆಮೇಲೆ ನೋಡೋಣ ಅಂದೆವು. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಬರೆದಿದ್ದರು, ವಿಳಾಸ ಬದಲಾಗಬಾರದು ಅಂತ. ಓದಿದ್ದೆ. ಬಿಡುಗಡೆಯ ಗಡಿಬಿಡಿಯಲ್ಲಿ ಅದು ನೆನಪಿಗೇ ಬರಲಿಲ್ಲ.

ಮೂರು ದಿನದಿಂದ ಹಳೇ ಸೈಟಿನ ಬ್ಯಾಕಪ್ ತೆರೆದು ಕೂತಿದ್ದೇನೆ. "ಸಂಜೆ 5ರ ಮೇಲೆ ವಾಪಸ್ ಬಸ್ ಇಲ್ಲ." "ಶೌಚಾಲಯ ಪಾರ್ಕಿಂಗ್ ಹತ್ತಿರ ಮಾತ್ರ." "ಕೊನೆಯ ತಿರುವಿನಲ್ಲಿ ಹಿಡಿದುಕೊಳ್ಳಲು ಕಂಬಿ ಇಲ್ಲ." ನೋಡೋಕೆ ಸಪ್ಪೆ ಸಾಲುಗಳು. ಆದರೆ ಮಂಡಿ ನೋವಿನವರು, ಮಗು ಎತ್ತಿಕೊಂಡವರು, ತುಂಬು ಬಸುರಿ ಇವನ್ನೇ ಹುಡುಕುತ್ತಾರೆ, ಅಲ್ವಾ? ಚಂದದ ಫೋಟೊ ಅವರಿಗೂ ಇಷ್ಟ. ಆದರೆ ಹೊರಡೋದಾ ಬೇಡ್ವಾ ಅನ್ನುವುದು ಈ ಸಾಲುಗಳ ಮೇಲೆ ನಿಂತಿರುತ್ತದೆ.

ಕಾರ್ಡಿಗೆ ಮೂರನೇ ಸಾಲು ಬಂದಿದೆ. ವಿಡಿಯೊ ಹೋಗಿ ಒಂದು ಹಗುರ ಚಿತ್ರ ಬಂದಿದೆ. ಹುಡುಗ ಒಂದು ಮಾತೂ ಆಡದೆ ಮಾಡಿಕೊಟ್ಟ.

"ಇಲ್ಲಿಂದಲೇ ನೋಡೋಣ" ಅಂದರಲ್ಲ ಅವರು, ಮೇಲಿನಿಂದ ನೀರು ಬೀಳುವುದು ಕಾಣುತ್ತದಾ? ಹಳೇ ಪುಟದಲ್ಲೂ ಅದನ್ನು ಬರೆದಿರಲಿಲ್ಲ. ನಾನು ಆವತ್ತು ಎಣಿಸುತ್ತಾ ನೇರ ಕೆಳಗಿಳಿದುಬಿಟ್ಟಿದ್ದೆ. ಭಾನುವಾರ ಹೋಗಿ, ಮೇಲೆ ನಿಂತು ನೋಡಿ ಬರುತ್ತೇನೆ.