ಕರ್ಫ್ಯೂ ತೆಗೆದ ಎರಡು ವಾರಕ್ಕೆ ಕಠ್ಮಂಡುಗೆ: ಹೋಗೋದೋ ಬಿಡೋದೋ ಅಂತ ನಾವು ಲೆಕ್ಕ ಹಾಕಿದ್ದು ಹೀಗೆ

ಟಿಕೆಟ್ ಮಾಡಿಸಿದ್ದು ಜುಲೈನಲ್ಲಿ. 2025ರ ಸೆಪ್ಟೆಂಬರ್ 27ಕ್ಕೆ ಬೆಂಗಳೂರಿಂದ ಡೆಲ್ಲಿ ಮೇಲೆ ಕಠ್ಮಂಡು, ಅಕ್ಟೋಬರ್ 5ಕ್ಕೆ ವಾಪಸ್. ದಾವಣಗೆರೆಯಿಂದ ಹೊರಟಿದ್ದವರು ಏಳು ಜನ: ಅಮ್ಮ, ನಾನು, ನನ್ನ ಹೆಂಡತಿ, ಅಕ್ಕ, ಭಾವ, ಅವರ ಇಬ್ಬರು ಮಕ್ಕಳು. ಪಶುಪತಿನಾಥನ ದರ್ಶನ ಅಮ್ಮನ ಇಪ್ಪತ್ತು ವರ್ಷದ ಆಸೆ. ಪೋಖರಾ, ಮುಕ್ತಿನಾಥ ನಾವು ಸೇರಿಸಿಕೊಂಡಿದ್ದು.

ಸೆಪ್ಟೆಂಬರ್ 9ರ ಸಂಜೆ ಟೀವಿ ಹಾಕಿದರೆ ಕಠ್ಮಂಡುವಿನ ಸರ್ಕಾರಿ ಆಡಳಿತ ಕೇಂದ್ರ ಸಿಂಹ ದರ್ಬಾರ್ ಉರಿಯುತ್ತಿತ್ತು. 4ನೇ ತಾರೀಖು ನೇಪಾಳ ಸರ್ಕಾರ ಫೇಸ್‌ಬುಕ್, ವಾಟ್ಸಾಪ್, ಯೂಟ್ಯೂಬ್ ಸೇರಿ 26 ಜಾಲತಾಣಗಳನ್ನು ನಿಷೇಧಿಸಿತ್ತು. ಭ್ರಷ್ಟಾಚಾರದ ಮೇಲೆ ಮೊದಲೇ ಕುದಿಯುತ್ತಿದ್ದ ಹುಡುಗರು 8ಕ್ಕೆ ಬೀದಿಗಿಳಿದರು, ಗೋಲಿಬಾರ್‌ನಲ್ಲಿ ಆ ಒಂದೇ ದಿನ 19 ಜನ ಸತ್ತರು. ಮಾರನೇ ದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ಸಂಸತ್ ಭವನಕ್ಕೆ ಬೆಂಕಿ ಬಿತ್ತು, ವಿಮಾನ ನಿಲ್ದಾಣ ಮುಚ್ಚಿತು. ಕನ್ನಡದವರೂ ಸೇರಿ ನೂರಾರು ಪ್ರವಾಸಿಗರು ಅಲ್ಲೇ ಸಿಕ್ಕಿಹಾಕಿಕೊಂಡರು.

ಮನೆಯಲ್ಲಿ ಎರಡು ಪಕ್ಷ ಆಯ್ತು. ಭಾವ, “ದುಡ್ಡು ಹೋದ್ರೆ ಹೋಗ್ಲಿ, ಕ್ಯಾನ್ಸಲ್ ಮಾಡ್ಸು ಮಾರಾಯ” ಅಂದರು. ನನ್ನದು ಬೇರೆ ವಾದ. ನಮ್ಮೂರಲ್ಲೇ ಎಲ್ಲೋ ಒಂದು ಬೀದಿಯಲ್ಲಿ ಕಲ್ಲು ತೂರಿದರೆ ಟೀವಿಯಲ್ಲಿ ಇಡೀ ದಾವಣಗೆರೆ “ಉದ್ವಿಗ್ನ” ಆಗುತ್ತದೆ, ಶಿವಮೊಗ್ಗದ ನೆಂಟರು ಗಾಬರಿಯಿಂದ ಫೋನ್ ಮಾಡುವಾಗ ನಾವು ಪಿ.ಜೆ. ಬಡಾವಣೆಯಲ್ಲಿ ದೋಸೆ ತಿನ್ನುತ್ತಿರುತ್ತೇವೆ. ಕಠ್ಮಂಡುವೂ ಹಾಗೇ ಇರಬೇಕು ಅಂದುಕೊಂಡೆ. ಅದು ತಪ್ಪು ಲೆಕ್ಕ. ಅಲ್ಲಿ ಒಂದು ಬೀದಿಯ ಗಲಾಟೆ ಆಗಿರಲಿಲ್ಲ. ಪೊಲೀಸ್ ಚೌಕಿಗಳು ಸುಟ್ಟಿದ್ದವು, ದೊಡ್ಡ ಹೋಟೆಲ್ ಒಂದು ಸುಟ್ಟಿತ್ತು, ಜೈಲುಗಳಿಂದ ಸಾವಿರಾರು ಕೈದಿಗಳು ಓಡಿಹೋಗಿದ್ದರು, ಸತ್ತವರ ಸಂಖ್ಯೆ ಕೊನೆಗೆ 70 ದಾಟಿತು. ನಮ್ಮೂರಿನ ಅನುಭವವನ್ನು ಇನ್ನೊಂದು ಊರಿನ ಮೇಲೆ ಹೊದಿಸಿ ಧೈರ್ಯ ತಗೊಳ್ಳಬೇಡಿ.

ಕ್ಯಾನ್ಸಲ್ ಮಾಡಿಸದೆ ಕಾಯೋಣ ಅಂತ ತೀರ್ಮಾನಿಸಿದೆವು. ಆದರೆ ಕಾಯೋದಕ್ಕೂ ಒಂದು ಕೊನೇ ದಿನ ಬೇಕು. ಟಿಕೆಟ್‌ನ ದಿನಾಂಕ ಬದಲಿಸಲು, ಹೋಟೆಲ್ ದುಡ್ಡು ವಾಪಸ್ ಪಡೆಯಲು ಎಂದಿನವರೆಗೆ ಅವಕಾಶ ಇದೆ ಅಂತ ಕೇಳಿ, ಅದರಲ್ಲಿ ಮೊದಲು ಬರುವ ದಿನವನ್ನೇ ಗಡುವು ಮಾಡಿಕೊಳ್ಳಿ. ನಮಗೆ ಅದು 20ನೇ ತಾರೀಖು. ಇನ್ನೊಂದು ಮಾತು, ಗಲಭೆ ಶುರುವಾದ ಮೇಲೆ ಕೊಂಡ ಪ್ರವಾಸ ವಿಮೆ ಸಾಮಾನ್ಯವಾಗಿ ಅದೇ ಗಲಭೆಯ ನಷ್ಟಕ್ಕೆ ಬರೋದಿಲ್ಲ. ಏಜೆಂಟ್ “ಎಲ್ಲಾ ಕವರ್ ಆಗುತ್ತೆ ಸಾರ್” ಅಂದ. ಪಾಲಿಸಿ ತೆಗೆದು ಓದಿದರೆ ಆಗುತ್ತಿರಲಿಲ್ಲ.

ಆ ದಿನಗಳಲ್ಲಿ ಟೀವಿ ನೋಡೋದು ಬಿಟ್ಟೆ. ಸುಟ್ಟ ಕಟ್ಟಡದ ಅದೇ ದೃಶ್ಯ ಹತ್ತು ದಿನ ತಿರುಗುತ್ತದೆ, ಇವತ್ತು ಏನಾಗಿದೆ ಅನ್ನೋದು ಗೊತ್ತಾಗೋದಿಲ್ಲ. 10ರ ಸಂಜೆ ವಿಮಾನ ನಿಲ್ದಾಣ ತೆರೆಯಿತು. 12ಕ್ಕೆ ಸುಶೀಲಾ ಕಾರ್ಕಿ ಮಧ್ಯಂತರ ಪ್ರಧಾನಿಯಾದರು, 2026ರ ಮಾರ್ಚ್ 5ಕ್ಕೆ ಚುನಾವಣೆ ಅಂತ ಘೋಷಣೆ ಆಯ್ತು. 13ಕ್ಕೆ ಕರ್ಫ್ಯೂ ತೆಗೆದರು. ಆಮೇಲೆ ದಿನಾ ಹೋಟೆಲ್‌ಗೆ ಫೋನ್. “ಊರು ಶಾಂತವಾಗಿದೆಯಾ” ಅಂತ ಕೇಳಿದರೆ ಹೋಟೆಲಿನವನು ಹೌದು ಅಂತಲೇ ಹೇಳ್ತಾನೆ, ಅವನ ಹೊಟ್ಟೆಪಾಡು ಅದು. ನಾನು ಕೇಳುತ್ತಿದ್ದದ್ದು: ಇವತ್ತು ಹಾಲು ಎಷ್ಟೊತ್ತಿಗೆ ಬಂತು, ನಿಮ್ಮ ಮಕ್ಕಳು ಸ್ಕೂಲಿಗೆ ಹೋದರಾ, ರಾತ್ರಿ ಎಂಟಕ್ಕೆ ಟ್ಯಾಕ್ಸಿ ಸಿಗುತ್ತಾ. 17ರ ಹೊತ್ತಿಗೆ ಎಲ್ಲಕ್ಕೂ ನೆಟ್ಟಗಿನ ಉತ್ತರ ಬಂತು.

ಆದರೂ ನಾನು ಹೆಚ್ಚು ತಲೆ ಕೆಡಿಸಿಕೊಂಡಿದ್ದು ಊರು ಶಾಂತವಾಗಿದೆಯೋ ಇಲ್ಲವೋ ಅನ್ನೋದಕ್ಕಲ್ಲ. ನಾವಿದ್ದಾಗ ಮತ್ತೆ ಹೊತ್ತಿಕೊಂಡರೆ ಮೂರು ದಿನ ಬಾಗಿಲು ಹಾಕಿಕೊಂಡು ಕೂರೋಕೆ ಆಗುತ್ತಾ, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಎಷ್ಟು ದೂರ? ಈ ಪ್ರಶ್ನೆ ಇಟ್ಟುಕೊಂಡ ಮೇಲೆ ಅರ್ಧ ಪ್ರವಾಸ ತಾನಾಗೇ ಕಳಚಿಬಿತ್ತು. ಪೋಖರಾಕ್ಕೆ ಬೆಟ್ಟದ ರಸ್ತೆಯಲ್ಲಿ 200 ಕಿ.ಮೀ.; ನಡುದಾರಿಯಲ್ಲಿ ಬಂದ್ ಆದರೆ ವಯಸ್ಸಾದವರನ್ನು ಕಟ್ಟಿಕೊಂಡು ಏನು ಮಾಡೋದು? ಬಿಟ್ಟೆವು. ಮುಕ್ತಿನಾಥವೂ ಹೋಯ್ತು. ಪ್ರವಾಸಿಗರು ಹೆಚ್ಚಾಗಿ ಇಳಿದುಕೊಳ್ಳುವ ಥಮೇಲ್‌ನಲ್ಲಿದ್ದ ಬುಕಿಂಗ್ ರದ್ದು ಮಾಡಿ ಗೌಶಾಲಾದಲ್ಲಿ ರೂಮು ಹಿಡಿದೆ. ಅಲ್ಲಿಂದ ಪಶುಪತಿನಾಥಕ್ಕೆ ನಡೆದೇ ಹೋಗಬಹುದು, ವಿಮಾನ ನಿಲ್ದಾಣವೂ ಪಕ್ಕದಲ್ಲೇ. ಥಮೇಲ್‌ನ ಸೊಗಸು ಇಲ್ಲ, ಧೂಳಿನ ಜಾಗ.

ಅಕ್ಕ, ಭಾವ, ಮಕ್ಕಳು ಬರಲಿಲ್ಲ. ಅವರು ಹೆದರುಪುಕ್ಕಲರು ಅಂತ ನಾನು ಹೇಳಲಾರೆ. ಏಳು ವರ್ಷದ ಮಗುವನ್ನು ಮೂರು ದಿನ ರೂಮಲ್ಲಿ ಕೂಡಿಹಾಕಿಕೊಂಡು ಕೂರುವ ಲೆಕ್ಕವೇ ಬೇರೆ. ಅಮ್ಮನನ್ನು ಕೇಳಿದ್ದಕ್ಕೆ, “ನನಗೇನೋ, ರೂಮಲ್ಲಿ ಕೂತು ಜಪ ಮಾಡ್ತೀನಿ. ನೀನು ಸುಮ್ನೆ ಕೂರ್ತಿಯಾ ನೋಡ್ಕೊ” ಅಂದಳು.

ಹೋಗಿ ನೋಡಿದರೆ ಊರು ಖಾಲಿ. ಭಯಕ್ಕಲ್ಲ, ದಶೈಂಗೆ. ನಮ್ಮ ದಸರಾ ಹೊತ್ತಿಗೇ ಬರುವ ಅವರ ದೊಡ್ಡ ಹಬ್ಬ. ಜನ ಹಳ್ಳಿಗೆ ಹೋಗಿಬಿಡುತ್ತಾರೆ, ವಿಜಯದಶಮಿಯ ಸುತ್ತ ಎರಡು ಮೂರು ದಿನ ಅಂಗಡಿ, ಹೋಟೆಲ್ ಹುಡುಕಬೇಕು. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿದ್ದು ತುಂಬಾ ಕೆಲಸಕ್ಕೆ ಬಂತು. ಸಿಂಹ ದರ್ಬಾರ್ ಕಡೆ ಟ್ಯಾಕ್ಸಿಯಲ್ಲಿ ಹಾದುಹೋದಾಗ ಮಸಿ ಹಿಡಿದ ಗೋಡೆ ಕಂಡಿತು. ಡ್ರೈವರ್ ಅದರ ಬಗ್ಗೆ ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇಂಥ ಕಡೆ ಇಳಿದು ಫೋಟೋ ಹೊಡೆಯೋದು, ಯಾರ ಪರ ಅಂತ ಚರ್ಚೆಗೆ ಕೂರೋದು ಬೇಡ.

ಪಶುಪತಿನಾಥನನ್ನು ಪೂಜಿಸುವ ಭಟ್ಟರು ಕರ್ನಾಟಕ ಮೂಲದವರು ಅನ್ನೋದು ಗೊತ್ತಿದ್ದೇ. ಕನ್ನಡದಲ್ಲಿ ನಾಲ್ಕು ಮಾತಾಡಿಸಬೇಕು ಅಂತ ಅಮ್ಮ ಹೊರಟಾಗಿಂದ ಕಾಯುತ್ತಿದ್ದಳು. ನೂಕುನುಗ್ಗಲಲ್ಲಿ ಸಿಕ್ಕಿದ್ದು ಎರಡೇ ಪದ: “ಮುಂದೆ ಹೋಗಿ.” ಅಷ್ಟಕ್ಕೇ ಅವಳಿಗೆ ತೃಪ್ತಿ.

ಅಕ್ಟೋಬರ್ 4ಕ್ಕೆ ಮಳೆ ಹಿಡಿಯಿತು. ರಾತ್ರಿಯೆಲ್ಲ ಸುರಿದು ಬಾಗ್ಮತಿ ನದಿ ಉಕ್ಕಿತು. ಪೂರ್ವದ ಇಲಾಂ ಜಿಲ್ಲೆಯಲ್ಲಿ ಗುಡ್ಡ ಕುಸಿದು ಹತ್ತಾರು ಜನ ಸತ್ತರು. ಕಠ್ಮಂಡುವಿಂದ ಹೊರಹೋಗುವ ರಸ್ತೆಗಳಲ್ಲಿ ಸಂಚಾರ ನಿಲ್ಲಿಸಿದರು, ಒಳನಾಡಿನ ವಿಮಾನಗಳೂ ಅಸ್ತವ್ಯಸ್ತ. ಮೊದಲಿನ ಯೋಜನೆಯಂತೆ ಹೋಗಿದ್ದರೆ ಆ ರಾತ್ರಿ ನಾವು ಪೋಖರಾ ದಾರಿಯಲ್ಲಿ ಇರುತ್ತಿದ್ದೆವು. ನಾವು ತಯಾರಾಗಿದ್ದು ಕಲ್ಲಿಗೆ, ಬೆಂಕಿಗೆ, ಬಂದಿದ್ದು ಮಳೆ. ವಿದೇಶದ ವಿಮಾನಗಳು ಹಾರುತ್ತಿದ್ದವು, ಪಕ್ಕದಲ್ಲೇ ಇದ್ದೆವು, 5ಕ್ಕೆ ಮೂರು ಗಂಟೆ ತಡವಾಗಿ ಹೊರಟೆವು.

ಹೊರಡುವವರಿಗೆ ಇನ್ನು ಕೆಲವು. ವೀಸಾ ಬೇಡ, ಆದರೆ 15ರಿಂದ 65 ವರ್ಷದ ನಡುವಿನವರಿಗೆ ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಬೇಕೇ ಬೇಕು. ಅವರಿಗೆ ಆಧಾರ್ ನಡೆಯೋದಿಲ್ಲ. ನೂರರ ನೋಟು ಹೆಚ್ಚಿಗೆ ಇಟ್ಟುಕೊಳ್ಳಿ, ನಮ್ಮ ನೂರಕ್ಕೆ ಅಲ್ಲಿ 160. ನಾವು ಹೋದಾಗ ಐನೂರರ ನೋಟನ್ನು ಅಂಗಡಿಯವರು ಮುಟ್ಟಲಿಲ್ಲ. ವಾಟ್ಸಾಪ್ ಒಂದನ್ನೇ ನೆಚ್ಚಿಕೊಳ್ಳಬೇಡಿ, ಸೆಪ್ಟೆಂಬರ್‌ನಲ್ಲಿ ಮೊದಲು ಹೋಗಿದ್ದೇ ಅದು. ಅಲ್ಲಿನ ಸಿಮ್ ತಗೊಂಡು, ಲೈನ್‌ಚೌರ್‌ನಲ್ಲಿರುವ ನಮ್ಮ ರಾಯಭಾರ ಕಚೇರಿಯ ನಂಬರನ್ನು ಚೀಟಿಯಲ್ಲಿ ಬರೆದು ಎಲ್ಲರ ಜೇಬಿಗೂ ಹಾಕಿ. ದಿನಾ ಬಿಪಿ ಮಾತ್ರೆ ತಗೊಳ್ಳುವವರಿದ್ದರೆ ಪ್ರವಾಸದ ದಿನಗಳಿಗಿಂತ ಒಂದು ವಾರದ್ದು ಹೆಚ್ಚಿಗೆ.

ಭಾವ ಈಗ ಮುಂದಿನ ವರ್ಷ ಪೋಖರಾಕ್ಕೆ ಹೋಗೋಣ ಅಂತಿದ್ದಾರೆ. ಮಳೆಗಾಲ ಪೂರ್ತಿ ಮುಗಿಯಲಿ, ನವೆಂಬರ್‌ನಲ್ಲಿ ನೋಡೋಣ ಅಂದಿದ್ದೀನಿ.