ತಿರುವಿಗೆ ಮೊದಲೇ ಹೊತ್ತಿದ ದೀಪ

ಕಳೆದ ಭಾನುವಾರ ಅಮ್ಮ ಹಿಮ್ಮುಖ ಆಸನದಲ್ಲಿ ಕುಳಿತು, ಸೋಮೇಶ್ವರದಿಂದ ಆಗುಂಬೆಯವರೆಗಿನ 14 ತಿರುವುಗಳನ್ನೂ, ಕೈಯಲ್ಲಿದ್ದ ನಿಂಬೆಹಣ್ಣನ್ನು ಒಮ್ಮೆಯೂ ಮೂಗಿನ ಹತ್ತಿರ ಒಯ್ಯದೆ ಹತ್ತಿ ಮುಗಿಸಿದರು. ಕಾರಿನಲ್ಲಿ ಹಿಂದಕ್ಕೆ ಮುಖಮಾಡಿ ಕುಳಿತವರ ಹೊಟ್ಟೆ ತೊಳಸದಂತೆ ಮಾಡುವುದು ಹೇಗೆಂದು ನಾಲ್ಕು ತಿಂಗಳಿನಿಂದ ನನ್ನ ನಿದ್ದೆಗೆಡಿಸಿದ್ದ ತೊಡಕು ಅಂದು ಬಿಡಿಸಿಕೊಂಡಿತು.

ಭಾವನ ಹಳೆಯ ಓಮ್ನಿಯ ಹಿಂಭಾಗವನ್ನು ಚಾಲಕನಿಲ್ಲದೆ ತಾನೇ ಓಡುವ ಕಾರಿನ ಒಳಾಂಗಣದಂತೆ ಮಾರ್ಪಡಿಸಿರುವುದನ್ನು ಹಿಂದೆಯೇ ಬರೆದಿದ್ದೆ. ಓಡಿಸುವವರು ಭಾವನೇ, ನಡುವೆ ಪರದೆ ಇರುವುದರಿಂದ ಹಿಂದೆ ಕುಳಿತವರಿಗೆ ಅವರು ಕಾಣುವುದಿಲ್ಲ. ಮರ್ಸಿಡಿಸ್ 2015ರಲ್ಲಿ ಎಫ್ 015 ಕಾರನ್ನು ತೋರಿಸಿದಾಗ ಮುಂದಿನ ಆಸನಗಳು ಹಿಂದಕ್ಕೆ ತಿರುಗಿ ನಾಲ್ವರೂ ಎದುರುಬದುರಾಗುವುದನ್ನು ಕಂಡು ನಾನೂ ಮಾರುಹೋಗಿದ್ದೆ. ಆದರೆ ಹಾಗೆ ಕುಳಿತವರ ಕಿವಿಯೊಳಗಿನ ಸಮತೋಲನದ ಅಂಗ ತಿರುವನ್ನು ಗ್ರಹಿಸುವಾಗ ಕಣ್ಣಿಗೆ ಕಾಣುವುದು ಅಲುಗಾಡದ ಗೋಡೆ ಮಾತ್ರ. ಐದು ಸೆಕೆಂಡಿಗೊಮ್ಮೆ, ಅಂದರೆ ಸುಮಾರು 0.2 ಹರ್ಟ್ಸ್‌ನಲ್ಲಿ ಬರುವ ನಿಧಾನದ ಓಲಾಟವೇ ಹೊಟ್ಟೆಯನ್ನು ಹೆಚ್ಚು ತೊಳಸುತ್ತದೆ. ಸ್ಟಿಯರಿಂಗ್ ಹಿಡಿದವರಿಗೆ ಮುಂದಿನ ತಿರುವು ಮೊದಲೇ ತಿಳಿದಿರುವುದರಿಂದ ಅವರಿಗೆ ಈ ಬಾಧೆ ಅಪರೂಪ. ಆ ಮುನ್ನರಿವನ್ನು ಎರಡೂ ಬದಿಯ ಎಲ್‌ಇಡಿ ಪಟ್ಟಿಗಳ ಮೂಲಕ ಪ್ರಯಾಣಿಕರಿಗೆ ದಾಟಿಸುವುದೇ ನನ್ನ ಉದ್ದೇಶ.

ಮೊದಲು ಎಂಪಿಯು-6050 ಸೆನ್ಸರಿನಲ್ಲಿರುವ, ತಿರುಗುವಿಕೆಯನ್ನು ಅಳೆಯುವ ಗೈರೋ ಹೇಳಿದಂತೆ ದೀಪ ಹರಿಯುವ ಹಾಗೆ ಮಾಡಿದೆ. ದೀಪ ತಡವಾಗುತ್ತಿದೆ ಎನಿಸಿ, ಅಳತೆಯ ಏರುಪೇರನ್ನು ನಯಗೊಳಿಸುವ ಫಿಲ್ಟರನ್ನು ಸಡಿಲಿಸಿ, ಕೋಡನ್ನು ಮೂರು ವಾರ ತಿದ್ದಿದೆ. ಆದರೆ ಗೈರೋ ತಿಳಿಯುವ ಹೊತ್ತಿಗೆ ಮೈಗೂ ತಿಳಿದಿರುತ್ತದೆ. ಆಮೇಲೆ ಹೊತ್ತುವ ದೀಪ ಎಷ್ಟು ಚುರುಕಾಗಿದ್ದರೂ ಪ್ರಯೋಜನವಿಲ್ಲ.

ಬಳಿಕ ಜಿಪಿಎಸ್ ಮತ್ತು ಮೊದಲೇ ದಾಖಲಿಸಿಕೊಂಡ ದಾರಿಯನ್ನು ನೆಚ್ಚಿಕೊಂಡೆ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ಸಾಗುವುದರಿಂದ, ಸೆಕೆಂಡಿಗೊಂದೇ ಸ್ಥಾನ ಕೊಡುವ ಮಾಡ್ಯೂಲನ್ನು ಐದಕ್ಕೆ ಏರಿಸಿದೆ. ಘಾಟಿ ಅದಕ್ಕೂ ಬಗ್ಗಲಿಲ್ಲ. ಅಲ್ಲಿ ರಸ್ತೆಯ ಒಂದು ಮಡಿಕೆಯ ನೆತ್ತಿಯ ಮೇಲೇ ಇನ್ನೊಂದು ಮಡಿಕೆ ಇದೆ. ಮರಗಳ ದಟ್ಟಣೆಯಲ್ಲಿ ಸಿಗ್ನಲ್ ಸ್ವಲ್ಪ ಸರಿದರೂ ಕಾರು ಮೇಲಿನ ಮಡಿಕೆಯಲ್ಲಿದೆ ಎಂದು ಲೆಕ್ಕ ತಪ್ಪುತ್ತದೆ. ಬಲಕ್ಕೆ ತಿರುಗುವಾಗ ಎಡದ ದೀಪ ಹೊತ್ತಿತು. ಏಳನೆಯ ತಿರುವಿನಲ್ಲಿ ಅಮ್ಮ ಇಳಿದು, ತಡೆಗೋಡೆ ಹಿಡಿದು, ಬಹಳ ಹೊತ್ತು ಮಾತಿಲ್ಲದೆ ನಿಂತರು. ಸುಳ್ಳು ಹೇಳುವ ದೀಪಕ್ಕಿಂತ ಕತ್ತಲೆಯೇ ಮೇಲೆಂದು ಅಂದು ಮನವರಿಕೆಯಾಯಿತು.

ಪರಿಹಾರ ಹೊಳೆದದ್ದು ಆ ತಡೆಗೋಡೆಯ ಬಳಿಯೇ. ಘಾಟಿಯ ರಸ್ತೆ ಕವಲಿಲ್ಲದ ಒಂದೇ ದಾರ; ಭೂಪಟದಲ್ಲಿ ಎಲ್ಲಿದ್ದೇವೆ ಎಂಬುದು ಬೇಕಿಲ್ಲ, ದಾರದಲ್ಲಿ ಎಷ್ಟು ದೂರ ಬಂದೆವು ಎಂಬುದು ಸಾಕು. ಸುಮಾರು 1.7 ಮೀಟರ್ ಸುತ್ತಳತೆಯ ಚಕ್ರಕ್ಕೆ ನಾಲ್ಕು ಅಯಸ್ಕಾಂತಗಳನ್ನು ಅಂಟಿಸಿ, ಅವು ಹಾದುಹೋಗುವುದನ್ನು ಗುರುತಿಸುವ ಹಾಲ್ ಸೆನ್ಸರ್ ಇಟ್ಟರೆ ಹೆಚ್ಚುಕಡಿಮೆ 42 ಸೆಂ.ಮೀ.ಗೊಂದು ಎಣಿಕೆ ಸಿಗುತ್ತದೆ. ಎಣಿಕೆಯಲ್ಲಿ ಸೇರಿಕೊಳ್ಳುವ ತಪ್ಪನ್ನು ಪ್ರತಿ ದೊಡ್ಡ ತಿರುವಿನಲ್ಲೂ ಗೈರೋ ಸರಿಪಡಿಸುತ್ತದೆ. ತಿರುವಿಗೆ ಒಂದೂವರೆ ಸೆಕೆಂಡ್ ಮೊದಲು ದೀಪ ಕಿಟಕಿಯ ಅಂಚಿನಲ್ಲಿ ಮೆಲ್ಲನೆ ಹರಿಯತೊಡಗುತ್ತದೆ. “ಈಗ ತಿರುಗ್ತದೆ ಅಂತ ಮೊದಲೇ ಗೊತ್ತಾಗ್ತದೆ ಮಗಾ, ಮೈ ತನ್ನಿಂತಾನೇ ವಾಲ್ತದೆ” ಎಂದರು ಅಮ್ಮ.

ಎಲ್‌ಇಡಿ ಪಟ್ಟಿ ಮಾರಿದವರ ಬಗ್ಗೆ ನನಗೆ ನಿಜವಾದ ಬೇಸರವಿದೆ. ನೀರು ತಾಗದ ಪಟ್ಟಿಯೆಂದು ಹಣ ಪಡೆದು, ತುದಿ ಮುಚ್ಚದ ಸಿಲಿಕೋನ್ ಕೊಳವೆಯದ್ದನ್ನು ಕಳುಹಿಸಿದ್ದರು. ಮಲ್ಪೆಯ ಉಪ್ಪುಗಾಳಿಗೆ ಮೊದಲ ದೀಪದ ತಾಮ್ರ ಹಸಿರುಗಟ್ಟಿತು. ದತ್ತಾಂಶ ಒಂದರಿಂದ ಇನ್ನೊಂದಕ್ಕೆ ಸಾಗಬೇಕಾದ್ದರಿಂದ ಉಳಿದ 59 ದೀಪಗಳೂ ಹೊತ್ತದಾದವು. ದೂರಿಗೆ ಮೂರು ಬಾರಿಯೂ ಬಂದ ಉತ್ತರ, ಫೋಟೋ ಕಳುಹಿಸಿ ಎಂಬುದಷ್ಟೆ.

ಮುಂದಿನ ಯೋಜನೆ ಈಗಲೇ ಮನಸ್ಸನ್ನು ಎಳೆಯುತ್ತಿದೆ: ಕಾರು ಬ್ರೇಕ್ ಹಾಕಿದ್ದು ಏಕೆಂದು ಪ್ರಯಾಣಿಕರಿಗೆ ತುಳುವಿನಲ್ಲಿ, “ಎದುರು ಪೆತ್ತ ಉಂಡು” (ಎದುರು ಹಸು ಇದೆ) ಎಂದು ಹೇಳುವ ಧ್ವನಿ. ಅದಕ್ಕೆ ಮೊದಲು ಘಾಟಿ ಇಳಿಯುವಾಗಿನ ಬ್ರೇಕ್‌ನ ಸೂಚನೆಯನ್ನು ದೀಪಕ್ಕೆ ಕಲಿಸಬೇಕಿದೆ, ಏಕೆಂದರೆ ಮರಳುವ ದಾರಿಯಲ್ಲಿ ಅಮ್ಮ ನಿಂಬೆಹಣ್ಣನ್ನು ಎರಡು ಸಲ ಮೂಸಿದರು.